ಸೋಮವಾರ ಬಾರದ ದನಿ

ನನಗೆ ಗಿಟಾರು ನುಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದೆಲ್ಲ ಒಂದು ಗಿಟಾರಿನ ದನಿಯ ವಿಷಯವೇ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಬೆಸಗರಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಹಳೆಯ ವಾಲ್ವ್ ರೇಡಿಯೊದಿಂದ ಆ ದನಿಯನ್ನು ಹೊರಡಿಸಿದವನು ನಾನು. ಆದರೆ ಮಂಡ್ಯದಲ್ಲಾಗಲಿ ಮದ್ದೂರಿನಲ್ಲಾಗಲಿ, ಆ ಕಾಲದ ಆರ್ಕೆಸ್ಟ್ರಾ ಕೇಳಿದ ಹಳಬರು ಸಿಕ್ಕರೆ ನನ್ನ ಗೆಳೆಯನ ಹೆಸರು ಹೇಳಿ, "ಅವನ ಗಿಟಾರ್ ಸೌಂಡೇ ಬ್ಯಾರೆ ಬುಡಿ" ಎನ್ನುತ್ತಾರೆ. ಕೇಳಿದಾಗಲೆಲ್ಲ ಮೈ ಉರಿದುಹೋಗುತ್ತದೆ. ಇಷ್ಟು ವಯಸ್ಸಾಯಿತಲ್ಲ, ಬಿಟ್ಟುಬಿಡಿ ಎಂದು ಮನೆಯವರು ಹೇಳುತ್ತಾರೆ. ಬಿಡುವುದಿಲ್ಲ. ನಾನು ಯಾಕೆ ಬಿಡಬೇಕು?

ಆಗ ನನಗೆ ಇಪ್ಪತ್ತನಾಲ್ಕು. ಮದ್ದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಅಂಗಡಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದೆ. ಊರಿಂದ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಮನೆಯಲ್ಲಿ ಅವ್ವ ಮತ್ತು ನಾನು. ಗೆಳೆಯ ನನ್ನ ವಾರಿಗೆಯವನೇ, ಮಂಡ್ಯದಲ್ಲಿ ಐಟಿಐ ಓದುವಾಗ ಒಂದೇ ರೂಮಿನಲ್ಲಿದ್ದವನು. ಒಂದು ತಟ್ಟೆಯಲ್ಲಿ ಮುದ್ದೆ ಮುರಿದು ಉಂಡವರು ನಾವು. ಅವನ ಅಪ್ಪ ಶಿವನಸಮುದ್ರದ ಪವರ್ ಹೌಸಿನಲ್ಲಿ ಆಪರೇಟರು. ಇಡೀ ದಿನ ಮೀಟರಿನ ಮುಳ್ಳು ನೋಡುವುದೇ ಅವರ ಕೆಲಸ. ಮಗ ಮಾತ್ರ ಮಳವಳ್ಳಿಯ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ, ಬಿಡುವಾದಾಗಲೆಲ್ಲ ಗಿಟಾರು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಅವನ ಬೆರಳಿನಲ್ಲಿ ವಿದ್ಯೆ ಇತ್ತು. ಅದನ್ನು ನಾನು ಇವತ್ತೂ ಇಲ್ಲ ಎನ್ನುವುದಿಲ್ಲ.

ಅವರ ಪವರ್ ಹೌಸ್ ಕ್ವಾರ್ಟರ್ಸಿನಲ್ಲಿದ್ದ ಒಬ್ಬ ಎಂಜಿನಿಯರು ವರ್ಗವಾಗಿ ಹೋಗುವಾಗ ಇಂಗ್ಲಿಷ್ ರೆಕಾರ್ಡುಗಳ ಒಂದು ಕಟ್ಟನ್ನು ಇವನಿಗೆ ಕೊಟ್ಟು ಹೋಗಿದ್ದರು. ಒಂದು ಭಾನುವಾರ ನಾನು ಅಲ್ಲಿಗೆ ಹೋದಾಗ ಅದರಲ್ಲೊಂದನ್ನು ಹಾಕಿದ. ಹಾಡು ಏನು ಹೇಳುತ್ತಿತ್ತೋ ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಆದರೆ ಮಧ್ಯದಲ್ಲಿ ಗಿಟಾರು ಬಂತು ನೋಡಿ, ನಾನು ಕೂತಲ್ಲಿಂದ ಎದ್ದುಬಿಟ್ಟೆ. ಆರ್ಕೆಸ್ಟ್ರಾಗಳಲ್ಲಿ ಕೇಳಿದ ಟಿಣ್ ಟಿಣ್ ಗಿಟಾರಲ್ಲ ಅದು. ಒಡೆದ ದನಿ, ಆದರೆ ಕಿವಿಗೆ ಚುಚ್ಚುವುದಿಲ್ಲ. ನಮ್ಮ ಮನೆ ಪಕ್ಕದ ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಎಳೆ ಬರುವಾಗ ಮೊಗೆದು ಸುರಿದರೆ ದಪ್ಪಗೆ, ತುಂಡಾಗದೆ ಇಳಿಯುತ್ತದಲ್ಲ, ಹಾಗೆ ಒಂದೊಂದು ಸ್ವರವೂ ಇಳಿಯುತ್ತಿತ್ತು. ಅದೇ ಜಾಗಕ್ಕೆ ಮುಳ್ಳು ಇಟ್ಟು ಇಟ್ಟು ಇಪ್ಪತ್ತು ಸಲ ಕೇಳಿದೆವು.

"ಇದು ನಮ್ ಗಿಟಾರಲ್ಲಿ ಬಂದದೇನ್ಲಾ?" ಎಂದು ಕೇಳಿದ.

"ತರುಸ್ತೀನಿ ಕಣ್ಲಾ. ನೀನು ನುಡ್ಸು, ದನಿ ನಂಗೆ ಬುಡು" ಎಂದೆ.

ಎಂಥ ಹುಂಬ ಮಾತು! ಆದರೂ ಆ ಮಾತಿನಲ್ಲಿ ನಾನು ಒಂದು ವರ್ಷ ಬದುಕಿದೆ.

ಬಂಡೂರಿನಲ್ಲಿ ಕುರಿ ಸಾಕುವ ಒಂದು ಮನೆಯ ಅಣ್ಣತಮ್ಮಂದಿರು ಒಂದೇ ಮಾದರಿಯ ಎರಡು ದೊಡ್ಡ ವಾಲ್ವ್ ರೇಡಿಯೊ ಇಟ್ಟುಕೊಂಡಿದ್ದರು. ಹೆಗಲಿಗೆ ನೇತುಹಾಕಿಕೊಂಡು ಕುರಿಯ ಹಿಂದೆ ಹೋಗಲು ಟ್ರಾನ್ಸಿಸ್ಟರು ಬಂದ ಮೇಲೆ ಅವು ಮೂಲೆ ಸೇರಿದ್ದವು. ಎರಡನ್ನೂ ತಂದೆ. ಒಂದನ್ನು ರಿಪೇರಿ ಮಾಡಿ, ಮುರಿದ ಗುಂಡಿಯ ಜಾಗಕ್ಕೆ ಸೀಗೆಕಾಯಿ ಬಣ್ಣದ ಬೇರೆ ಗುಂಡಿ ಹಾಕಿ, ಹಾಡು ಕೇಳಲಿ ಎಂದು ಗೆಳೆಯನ ಮನೆಗೆ ಕೊಟ್ಟೆ. ಇನ್ನೊಂದನ್ನು ಪಡಸಾಲೆಯಲ್ಲಿಟ್ಟು ಹಿಂಭಾಗ ಬಿಚ್ಚಿದೆ. ರೆಕಾರ್ಡ್ ಪ್ಲೇಯರಿನ ವೈರು ಚುಚ್ಚುವ ತೂತಿಗೆ ಗಿಟಾರಿನ ವೈರು ಚುಚ್ಚಿದೆ. ಗಿಟಾರಿನ ತಂತಿಯ ಕೆಳಗೆ ದನಿ ಹಿಡಿಯುವ ಕಾಯಿಲು ದುರ್ಬಲವಾಗಿತ್ತು, ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಕೂದಲೆಳೆಯಂಥ ತಂತಿ ಬಿಚ್ಚಿ ಅದಕ್ಕೆ ಮತ್ತೆ ಸುತ್ತಿದೆ.

ತಮಾಷೆ ನೋಡಿ. ಅಂಗಡಿಯಲ್ಲಿ ದಿನವಿಡೀ ನನ್ನ ಕೆಲಸ ಏನು? "ರೇಡಿಯೊ ಕರಕರ ಅಂತದೆ, ಸರಿ ಮಾಡಪ್ಪ" ಎಂದು ಬಂದವರ ಕರಕರ ತೆಗೆಯುವುದು. ಸಂಜೆ ಮನೆಗೆ ಬಂದು ಒಳ್ಳೆಯ ರೇಡಿಯೊಗೆ ಕರಕರ ಬರಿಸುವುದು. ಅವ್ವ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೇಳಿದಳು: "ಓದ್ಸಿದ್ದು ಇದಕ್ಕೇನ್ಲಾ?"

ಮೊದಲು ಬಂದದ್ದು ಬರೀ ಒರಟು ದನಿ, ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಒಂದು ಸಂಜೆ ಸಿಟ್ಟು ಬಂದು ಸ್ಪೀಕರಿನ ಕಾಗದಕ್ಕೆ ಬ್ಲೇಡಿನಿಂದ ಗೀರಿದೆ. ಏಳು ಗೀರು. ಗೆಳೆಯ ಎದುರಿಗೆ ಚಾಪೆಯ ಮೇಲೆ ಕೂತಿದ್ದ. "ಈಗ ಒಡೀಲಾ" ಎಂದೆ. ಹೊಡೆದ. ಬಂತು! ಅದೇ ದನಿ, ಅದೇ ಎಳೆಪಾಕ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನು ಇನ್ನೊಂದು ಸಲ ತಂತಿ ಎಳೆದು ಹಿಡಿದ, ದನಿ ಸಾಯದೆ ಹಾಗೇ ಹಾಡುತ್ತ ನಿಂತಿತು. ನನಗೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

"ಬ್ಲೇಡು ಕಣ್ಲಾ! ಎಲ್ಲಾ ಬ್ಲೇಡಿಂದು!" ಎಂದು ನಾನು ಕುಣಿದಾಡಿದೆ.

ಆಮೇಲೆ ಶುರುವಾಯಿತು ಕಾಟ. ದನಿ ಒಂದು ದಿನ ಬರುತ್ತಿತ್ತು, ಒಂದು ದಿನ ಬರುತ್ತಿರಲಿಲ್ಲ. ವಾಲ್ವು ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಶೀತ ಹಿಡಿದಿದೆಯೇನೋ ಎಂದು ಪೆಟ್ಟಿಗೆಯನ್ನು ಒಲೆಯ ಹತ್ತಿರ ಇಟ್ಟೆ. ಕೊನೆಗೆ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತ ಬಂದರೆ ಒಂದು ವಿಚಿತ್ರ ಕಂಡಿತು. ದನಿ ಕೈಕೊಡುತ್ತಿದ್ದ ದಿನಗಳಲ್ಲಿ ಹೆಚ್ಚಿನವು ಸೋಮವಾರ.

ಗೆಳೆಯ ನಕ್ಕ. "ನಿನ್ ಪೆಟ್ಗೇನೂ ಬಸವಣ್ಣ ಆಗ್ಬುಟ್ಟದೆ ಕಣ್ಲಾ. ಸೋಮಾರ ನೊಗ ಹೊರಕಿಲ್ಲ ಅಂತದೆ."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ. ಉಳುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಆ ಮಾತಿಗೆ ಅವ್ವನೂ ಸೇರಿಕೊಂಡಳು: "ಸೋಮಾರ ಒಂದಿನ ಎತ್ಗೂ ನೆಮ್ದಿ, ನನ್ ಕಿವೀಗೂ ನೆಮ್ದಿ." ಮೂವರೂ ನಕ್ಕೆವು. ಅವ್ವ ಅವನಿಗೆ ಇನ್ನೊಂದು ಲೋಟ ಕಾಫಿ ಬಗ್ಗಿಸಿದಳು. ಆ ಕಾಫಿ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ದಿನದ ನೆನಪೂ ಹಾಗೇ ಉಳಿದಿದೆ. ನಾನು ಪೆಟ್ಟಿಗೆಯ ಹಿಂಭಾಗಕ್ಕೆ ತಲೆ ತೂರಿಸಿಕೊಂಡಿದ್ದೆ. ಅವನು ಗಿಟಾರು ಹಿಡಿದು, ನನ್ನ ತಲೆಯ ಮೇಲೆ ನೇತಾಡುತ್ತಿದ್ದ ಬಲ್ಬನ್ನೇ ನೋಡುತ್ತ ಮುಗುಳ್ನಗುತ್ತಿದ್ದ.

"ಏನ್ಲಾ ನಗ್ತೀಯ?"

"ಏನೂ ಇಲ್ಲ ಬುಡ್ಲಾ. ನೀನು ಕೆಲ್ಸ ನೋಡು."

ಮಂಡ್ಯದಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ಅದರ ಮಾಸ್ಟರು ಐವತ್ತು ದಾಟಿದವರು, ಸಂಗೀತದ ಮೇಷ್ಟರಾಗಿದ್ದು ಕೆಲಸ ಬಿಟ್ಟವರು, ಮೆತ್ತಗಿನ ಮಾತಿನ ಮನುಷ್ಯ. ಸಿನಿಮಾ ಹಾಡುಗಳಲ್ಲಿ ಹೊಸ ಥರದ ಗಿಟಾರು ಬರತೊಡಗಿತ್ತು, ಮದುವೆಗಳಲ್ಲಿ ಜನ ಅದನ್ನೇ ಕೇಳುತ್ತಿದ್ದರು. ಗೆಳೆಯ ಅವರನ್ನು ಕಂಡು ನಮ್ಮ ದನಿಯ ವಿಷಯ ಹೇಳಿದನಂತೆ. ಬಂದು ಕೇಳುತ್ತೇನೆ, ಚೆನ್ನಾಗಿದ್ದರೆ ಸೇರಿಸಿಕೊಳ್ಳುತ್ತೇನೆ ಎಂದರಂತೆ.

"ಇಬ್ರುನ್ನೂವಾ?" ಎಂದು ಕೇಳಿದೆ.

"ಓದ್ರೆ ಇಬ್ರೂ ಓಗದು ಕಣ್ಲಾ. ಇಲ್ದಿದ್ರೆ ಇಬ್ರೂ ಬ್ಯಾಡ" ಎಂದು ನನ್ನ ಅಂಗೈ ಮೇಲೆ ಕೈಯಿಟ್ಟ.

ನನಗೆ ಏನಾಸೆ ಇತ್ತು ಗೊತ್ತೆ? ಆರ್ಕೆಸ್ಟ್ರಾದವರು ಮಧ್ಯದಲ್ಲಿ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗುತ್ತಾರಲ್ಲ, ತಬಲಾ ಇಂಥವರು, ಕೊಳಲು ಇಂಥವರು ಎಂದು, ಹಾಗೆ ಒಂದು ಸಲ "ಸೌಂಡ್" ಎಂದು ಹೇಳಿ ನನ್ನ ಹೆಸರು ಕೂಗಬೇಕು. ಜನ ತಿರುಗಿ ನೋಡಬೇಕು. ಕಂಡವರ ರೇಡಿಯೊದ ಧೂಳು ಒರೆಸುವ ಕೆಲಸ ಬಿಟ್ಟು ಆ ವ್ಯಾನಿನಲ್ಲಿ ಕೂರಬೇಕು. ಅಷ್ಟೇ.

ನಾಲ್ಕು ದಿನ ಬಿಟ್ಟು ಬಂದು ಹೇಳಿದ: "ಮಾಸ್ಟ್ರು ಬತ್ತಾವ್ರೆ. ಸೋಮಾರ ಬೆಳಿಗ್ಗೆ ಅನ್ನೊಂದ್ಗಂಟೆಗೆ."

"ಅಯ್ಯೋ, ಸೋಮಾರ ಬ್ಯಾಡ ಕಣ್ಲಾ! ನಿಂಗೊತ್ತಲ್ಲ. ಭಾನ್ವಾರ ಬರೋಕ್ ಯೋಳು."

"ಯೋಳ್ದೆ ಕಣ್ಲಾ. ಅವ್ರಿಗೆ ಸೋಮಾರ ಬುಟ್ರೆ ಪುರಸೊತ್ತಿಲ್ವಂತೆ. ಕಾಲಿಡ್ಕಂಡ್ರೂ ಆಗಕಿಲ್ಲ ಅಂದ್ರು."

ನಂಬಿದೆ. ಅವನನ್ನು ನಂಬದೆ ಇನ್ನು ಯಾರನ್ನು ನಂಬಲಿ? ಭಾನುವಾರವೆಲ್ಲ ಅವನು ನುಡಿಸಿದ, ನಾನು ಪೆಟ್ಟಿಗೆಯ ಮುಂದೆ ಕೂತೆ, ದನಿ ಜೇನಿನ ಹಾಗೆ ಬರುತ್ತಿತ್ತು. ಹೊಸ ವಾಲ್ವು ಹಾಕಿ, ಬಸವಣ್ಣನಿಗೆ ಒಂದು ಕಾಯಿ ಹರಕೆ ಹೊತ್ತು ಮಲಗಿದೆ.

ಸೋಮವಾರ ಮಾಸ್ಟರು ಬಂದರು. ಬಿಳಿ ಪಂಚೆ, ಕೈಯಲ್ಲೊಂದು ಚರ್ಮದ ಚೀಲ. ಅವ್ವ ಚಾಪೆ ಹಾಸಿ ಕಾಫಿ ಕೊಟ್ಟಳು. ಗೆಳೆಯ ಗಿಟಾರು ಎತ್ತಿ ತಂತಿ ಮೀಟಿದ. ತಗಡು. ಬರೀ ತಗಡಿನ ದನಿ! ಗುಂಡಿ ತಿರುಗಿಸಿದೆ, ಪೆಟ್ಟಿಗೆ ತಟ್ಟಿದೆ, ಬೆವರು ಇಳಿಯಿತು. "ಒಸಿ ತಾಳಿ ಸಾ, ಬಿಸಿ ಆಗ್ಲಿ" ಎಂದೆ. ಅರ್ಧ ಗಂಟೆ ಕಾದರು ಪಾಪ. ದನಿ ಬರಲಿಲ್ಲ.

"ಇರ್ಲಿ ಬಿಡಪ್ಪ, ಒಂದೊಂದ್ಸಲ ಹೀಗಾಗುತ್ತೆ" ಎಂದು ಎದ್ದರು. ಮಳವಳ್ಳಿ ಕಡೆ ಅವರಿಗೆ ಬೇರೆ ಕೆಲಸವಿದೆಯಂತೆ ಎಂದು ಹೇಳಿ ಗೆಳೆಯ ಅವರ ಜೊತೆಗೇ ಬಸ್ಸು ಹತ್ತಿದ. ಹೋಗುವಾಗ ನನ್ನ ಭುಜ ತಟ್ಟಿ, "ಬೇಜಾರ್ ಮಾಡ್ಕಬ್ಯಾಡ್ಲಾ" ಎಂದ. ನಾನು, ಮೂರ್ಖ ಶಿಖಾಮಣಿ, ಅವನಿಗೆ ನನ್ನಿಂದ ನಷ್ಟವಾಯಿತಲ್ಲ ಎಂದು ಅವನ ಕೈ ಹಿಡಿದು ತಪ್ಪು ಕೇಳಿದೆ.

ಒಂದೂವರೆ ತಿಂಗಳು ಅವನ ಸುದ್ದಿಯಿಲ್ಲ. ಆಮೇಲೆ ಒಂದು ಮಧ್ಯಾಹ್ನ ಮದ್ದೂರಿನಲ್ಲಿ ಊಟಕ್ಕೆಂದು ಅಂಗಡಿಯಿಂದ ಹೊರಟಿದ್ದೆ. ಛತ್ರದಲ್ಲಿ ಮದುವೆ, ಆರ್ಕೆಸ್ಟ್ರಾ ನಡೆದಿತ್ತು. ರಸ್ತೆ ದಾಟುವಾಗ ಕಿವಿ ನೆಟ್ಟಗಾಯಿತು. ಆ ದನಿ. ನನ್ನ ಮನೆಯ ಪಡಸಾಲೆಯ ದನಿ, ಮೈಕಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ. ನಡು ರಸ್ತೆಯಲ್ಲೇ ನಿಂತುಬಿಟ್ಟೆ. ಗಾಡಿಯವನೊಬ್ಬ, "ಏಯ್, ಸಾಯಾಕ್ ಬ್ಯಾರೆ ಜಾಗ ಇಲ್ವೇನಯ್ಯ?" ಎಂದು ಬೈದ.

ಮದುವೆ ಮನೆಯಲ್ಲಿ ಯಾರು ಯಾರನ್ನು ಕೇಳುತ್ತಾರೆ? ಒಳಗೆ ನುಗ್ಗಿದೆ. ವೇದಿಕೆಯ ಮೇಲೆ ನನ್ನ ಗೆಳೆಯ, ಹೊಳೆಯುವ ಅಂಗಿ ತೊಟ್ಟು ನುಡಿಸುತ್ತಿದ್ದ. ಹಾಡು ಮುಗಿದ ಮೇಲೆ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿದರು. "ಗಿಟಾರ್ ಮತ್ತು ಸೌಂಡ್" ಎಂದು ಹೇಳಿ ಅವನ ಹೆಸರು ಕೂಗಿದರು. ಜನ ಚಪ್ಪಾಳೆ ತಟ್ಟಿದರು, ಅವನು ಎರಡೂ ಕೈ ಜೋಡಿಸಿದ.

ಊಟದ ಬಿಡುವಿನಲ್ಲಿ ವೇದಿಕೆ ಹತ್ತಿದೆ. ಸೀಗೆಕಾಯಿ ಬಣ್ಣದ ಗುಂಡಿಯ ರೇಡಿಯೊ, ಹಾಡು ಕೇಳಲಿ ಎಂದು ನಾನೇ ಕೊಟ್ಟದ್ದು. ಬಗ್ಗಿ ನೋಡಿದರೆ ಸ್ಪೀಕರಿನ ಕಾಗದಕ್ಕೆ ಏಳು ಗೀರು. ಪಕ್ಕದಲ್ಲಿ ಗುಂಡಗಿನ ಒಂದು ಕಬ್ಬಿಣದ ಟ್ರಾನ್ಸ್‌ಫಾರ್ಮರು, ಕರೆಂಟನ್ನು ಏರಿಸಿ ಇಳಿಸುವಂಥದ್ದು, ಗುಜರಿಯಿಂದ ತಂದದ್ದೆಂದು ನೋಡಿದರೇ ಗೊತ್ತಾಗುತ್ತಿತ್ತು. ಗೋಡೆಯ ಕರೆಂಟು ಅದರೊಳಗೆ ಹೋಗಿ, ಅದರಿಂದ ರೇಡಿಯೊಗೆ ಬರುತ್ತಿತ್ತು. ಅದರ ಮುಳ್ಳು ನೂರ ಅರವತ್ತು ವೋಲ್ಟಿನ ಮೇಲೆ ನಿಂತಿತ್ತು. ಇರಬೇಕಾದ್ದು ಇನ್ನೂರ ಮೂವತ್ತು.

ಅಲ್ಲೇ ಕೂತುಬಿಟ್ಟೆ. ಒಂದು ಮುಳ್ಳು ನೋಡಿದ್ದಕ್ಕೆ ಎಲ್ಲ ಬಿಡಿಸಿ ಹೇಳಿದ ಹಾಗಾಯಿತು. ನಮ್ಮ ಮನೆಯ ಪಕ್ಕದಲ್ಲೇ ಆಲೆಮನೆ. ಅದರ ಗಾಣಕ್ಕೆ ದೊಡ್ಡ ಮೋಟರು, ನಮ್ಮ ಮನೆಗೂ ಅದಕ್ಕೂ ಒಂದೇ ಲೈನು. ಗಾಣ ತಿರುಗಿದರೆ ನಮ್ಮ ಮನೆಯ ವೋಲ್ಟೇಜು ಬಿದ್ದುಹೋಗುತ್ತಿತ್ತು, ಬಲ್ಬು ಕೆಂಪಗಾಗುತ್ತಿತ್ತು. ಕರೆಂಟು ಸಾಲದೆ ವಾಲ್ವು ಸೋತು ಹಾಡುವ ದನಿಯೇ ಆ ಎಳೆಪಾಕದ ದನಿ. ಸೋಮವಾರ ಗಾಡಿ ಕಟ್ಟುವುದಿಲ್ಲ, ಕಬ್ಬು ಬರುವುದಿಲ್ಲ, ಗಾಣ ತಿರುಗುವುದಿಲ್ಲ. ಕರೆಂಟು ಪೂರ್ತಿ ಬರುತ್ತದೆ, ದನಿ ಹೋಗುತ್ತದೆ. ಬ್ಲೇಡಂತೆ ಬ್ಲೇಡು! ರೇಡಿಯೊ ಮೆಕ್ಯಾನಿಕ್ ನಾನು, ಕಡಿಮೆ ವೋಲ್ಟೇಜು ಎಂದರೆ ಬರೀ ರೋಗ ಎಂದು ಕಲಿತವನು. ಅದರಿಂದ ಒಳ್ಳೆಯದೂ ಆದೀತು ಎಂದು ಒಂದು ದಿನವೂ ಹೊಳೆಯಲಿಲ್ಲ. ಮೀಟರನ್ನು ಅಂಗಡಿಯಿಂದ ಮನೆಗೆ ತಂದು ನೋಡಲೂ ಇಲ್ಲ.

ಮಾಸ್ಟರು ನನ್ನ ಗುರುತು ಹಿಡಿದು ಹತ್ತಿರ ಬಂದರು. "ಓ, ನೀನೇನಪ್ಪ? ಊಟ ಆಯ್ತಾ? ನಿಮ್ಮನೇಲಿ ಬಾರದ ದನಿ ಅದೇ ಸಂಜೆ ಇವನ ಮನೇಲಿ ಬಂತು ನೋಡು. ಅಲ್ಲ, ಆವತ್ತು ನಾನು ಭಾನುವಾರ ಬರ್ತೀನಿ ಅಂದ್ರೆ, ಇಲ್ಲ ಸೋಮವಾರವೇ ಬರ್ಬೇಕು ಅಂತ ನೀನು ಹಟ ಹಿಡಿದೆಯಂತಲ್ಲ. ಯಾಕಪ್ಪ, ಅಂಗಡಿಗೆ ಸೋಮವಾರ ರಜವಾ?"

ಗೆಳೆಯ ಅಲ್ಲೇ ವೈರು ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

ಅವನ ರಟ್ಟೆ ಹಿಡಿದು ಛತ್ರದ ಹಿಂದೆ, ಎಂಜಲೆಲೆ ಎಸೆಯುವ ಜಾಗಕ್ಕೆ ಎಳೆದುಕೊಂಡು ಹೋದೆ.

"ಯಾವತ್ತಿಂದ ಗೊತ್ಲಾ ನಿಂಗೆ, ವೋಲ್ಟೇಜು ಅಂತ?"

"ಎರಡ್ನೇ ವಾರ್ದಿಂದ" ಎಂದ. ಪುಣ್ಯಕ್ಕೆ ಸುಳ್ಳು ಹೇಳಲಿಲ್ಲ. "ಗಾಣ ಸುರು ಆಗಾದು, ಬಲ್ಬು ಮಂಕಾಗಾದು, ದನಿ ಬರಾದು. ನಿನ್ ತಲೆ ಮ್ಯಾಲೇ ಇತ್ತು ಕಣ್ಲಾ. ನೀನು ಎತ್ತಿ ನೋಡ್ನಿಲ್ಲ."

"ಯೋಳಕ್ಕೇನಾಗಿತ್ಲಾ ನಿಂಗೆ?"

"ಮಾಸ್ಟ್ರ ವ್ಯಾನಲ್ಲಿ ಒಂದೇ ಸೀಟಿತ್ತು" ಎಂದ.

ಹೊಡೆಯಬೇಕೆಂದು ಎತ್ತಿದ ಕೈ ಹಾಗೇ ನಿಂತಿತು. ಸೀಟಿನ ವಿಷಯ ನನಗೆ ಅಷ್ಟು ತಾಗಲಿಲ್ಲ. ಒಂದೇ ಸೀಟು ಎಂದಿದ್ದರೆ ನಾನೇ ಹೋಗು ಎನ್ನುತ್ತಿದ್ದೆನೋ ಏನೋ. ಎದೆಗೆ ಚುಚ್ಚಿದ್ದು ಆ ತಿಂಗಳುಗಳು. ಪ್ರತಿ ಸೋಮವಾರ ನಾನು ಪೆಟ್ಟಿಗೆ ಬಿಚ್ಚಿ, ಬೆವರು ಸುರಿಸಿ, ತಲೆ ಚಚ್ಚಿಕೊಳ್ಳುವಾಗ ಇವನು ನಮ್ಮವ್ವನ ಕಾಫಿ ಕುಡಿಯುತ್ತ ಬಲ್ಬು ನೋಡಿ ನಗುತ್ತಿದ್ದನಲ್ಲ. ಬಸವಣ್ಣ ಅಂತ ತಮಾಷೆ ಬೇರೆ ಮಾಡಿದನಲ್ಲ. ಥೂ, ಎಂದು ಅವನ ಕಾಲ ಬಳಿ ಉಗಿದು ಬಂದುಬಿಟ್ಟೆ. ಅವನು ಕರೆಯಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಗುರುವಾರ ಅವನೇ ಅಂಗಡಿಗೆ ಬಂದ. ಮುಖ ಸೊರಗಿತ್ತು. ಗುಜರಿಯ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಿತ್ತಂತೆ. ಹೊಸದು ಎಲ್ಲೂ ಸಿಗುತ್ತಿಲ್ಲ, ದನಿ ಇಲ್ಲದಿದ್ದರೆ ಮಾಸ್ಟರು ಬೇರೆಯವನನ್ನು ಹುಡುಕುತ್ತಾರಂತೆ. ಬೆಂಚಿನ ಅಂಚು ಹಿಡಿದು ನಿಂತು, "ನೀನೇ ಒಂದು ಸುತ್ಕೊಡ್ಬೇಕು ಕಣ್ಲಾ. ನಿನ್ನಷ್ಟು ಚೆಂದಾಗಿ ಯಾರೂ ಸುತ್ತಕಿಲ್ಲ" ಎಂದ.

ನಾನು ಬೆಸುಗೆ ಹಾಕುತ್ತಿದ್ದ ಕೈ ನಿಲ್ಲಿಸದೆ ಹೇಳಿದೆ: "ಸೋಮಾರ ಬಾ. ಮನೇಗೆ."

ಅವನ ಮುಖ ಬಿಳಿಚಿಕೊಂಡಿತು. ಬೆಂಚಿನ ಅಂಚು ಬಿಟ್ಟು, ಆಯ್ತು ಎಂದು ಹೊರಟ.

ಸಿಟ್ಟಿಗೆ ಆಡಿದ ಮಾತು ಅದು. ಆದರೆ ಆ ಸಂಜೆಯೇ, ಏನು ಹುಚ್ಚೋ, ಒಂದು ಹಳೆಯ ಟ್ರಾನ್ಸ್‌ಫಾರ್ಮರು ಬಿಚ್ಚಿ ಸುತ್ತತೊಡಗಿದೆ. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ಬೆರಳಲ್ಲಿ ಬೊಬ್ಬೆ ಎದ್ದವು. ಸೋಮವಾರ ಎಂದರೆ ಏನೆಂದು ಗೊತ್ತಿದ್ದೂ ಅವನು ನಮ್ಮ ಹೊಸಿಲು ತುಳಿದು ಬಂದರೆ, ಬಂದು ನನ್ನ ಕಣ್ಣು ನೋಡಿ ತಪ್ಪಾಯ್ತು ಎಂದರೆ, ಬೈದು, ಬಾಯಿಗೆ ಬಂದದ್ದೆಲ್ಲ ಅಂದು, ಇದನ್ನು ಅವನ ಕೈಗಿಡಬೇಕು ಎಂದುಕೊಂಡಿದ್ದೆ. ಅವ್ವನಿಗೆ ಒಂದು ಲೋಟ ಹಾಲು ಹೆಚ್ಚು ಇಟ್ಟಿರು ಎಂದೂ ಹೇಳಿದ್ದೆ.

ಸೋಮವಾರ ಅಂಗಡಿಗೆ ಹೋಗಲಿಲ್ಲ. ಹನ್ನೊಂದರ ಬಸ್ಸು ಬಂತು, ಎರಡರ ಬಸ್ಸು ಬಂತು. ಐದರ ಬಸ್ಸೂ ಬಂದು ಹೋಯಿತು. ಅವನು ಬರಲಿಲ್ಲ. ಆ ವಾರವೇ ಬೆಂಗಳೂರಿನಲ್ಲಿ ಯಾರೋ ಸುತ್ತಿಕೊಟ್ಟರು ಎಂದು ಆಮೇಲೆ ತಿಳಿಯಿತು. ಅವನು ಮತ್ತೆ ನಮ್ಮ ಮನೆಗೆ ಬರಲೇ ಇಲ್ಲ.

ಆ ಸಂಜೆ ಆಲೆಮನೆ ನಿಂತಿತ್ತು, ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ನಾನು ಸುತ್ತಿದ್ದನ್ನು ರೇಡಿಯೊಗೆ ಸೇರಿಸಿ, ಕರೆಂಟು ಇಳಿಸಿದೆ. ನುಡಿಸಲು ನನ್ನ ಹತ್ತಿರ ಗಿಟಾರಿರಲಿಲ್ಲ, ಇದ್ದಿದ್ದರೂ ಬರುತ್ತಿರಲಿಲ್ಲ. ಗಿಟಾರಿಗೆಂದು ಇಟ್ಟಿದ್ದ ವೈರಿನ ತುದಿಯನ್ನು ಬೆರಳಿನಿಂದ ಮುಟ್ಟಿದೆ. ಗುಂಯ್ ಎಂದು ಎದ್ದಿತು ದನಿ, ದಪ್ಪಗೆ, ಒಡೆದು, ಎಲ್ಲೂ ತುಂಡಾಗದೆ.

ಅಡಿಗೆ ಮನೆಯಿಂದ ಅವ್ವ ಇಣುಕಿದಳು. ಕೈಯಲ್ಲಿ ಆ ಹೆಚ್ಚಿನ ಹಾಲಿನ ಲೋಟವಿತ್ತು.

"ಇವತ್ತು ಸೋಮಾರ ಅಲ್ವೇನ್ಲಾ? ಇವತ್ತೂ ಬತ್ತದಾ ಅದು?"

"ಬತ್ತದೆ ಕಣವ್ವ" ಎಂದೆ. "ಇನ್ಮ್ಯಾಲೆ ಸೋಮಾರಾನೂ ಬತ್ತದೆ."